ಮಲೆನಾಡಿನ ಹುಲ್ಲುಹಾಸಿಗೆ ಕೈಯಿಂದ ತಳ್ಳುವ ಮೂವರ್: ನನ್ನ ಅನುಭವ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಬದಿಯ ನಮ್ಮ ಮನೆಯ ಮುಂದೆ, ಅಡಿಕೆ ಒಣಗಿಸುವ ಅಂಗಳ ಮುಗಿದಲ್ಲಿಂದ ತೋಟಕ್ಕಿಳಿಯುವ ಧರೆಯವರೆಗೆ, ಒಂದೂವರೆ ಗುಂಟೆಯಷ್ಟು ಹುಲ್ಲುಹಾಸು ಇದೆ. ಇದನ್ನು ಕೆಲವು ವರ್ಷಗಳಿಂದ ಪೆಟ್ರೋಲೂ ಕರೆಂಟೂ ಬೇಡದ, ಕೈಯಿಂದ ತಳ್ಳುವ ಮೂವರ್‌ನಲ್ಲಿಯೇ ಕತ್ತರಿಸುತ್ತಾ ಬಂದಿದ್ದೇನೆ. ನಮ್ಮ ಕಡೆಯ ಮಳೆಗೆ ಇಂಥ ಯಂತ್ರ ನಡೆಯುವುದಿಲ್ಲವೆಂದು ಹಲವರು ಹೇಳುತ್ತಾರೆ. ನಡೆಯುತ್ತದೆ, ಆದರೆ ತೋಳಿನ ಬಲವನ್ನು ನಂಬಿ ತಳ್ಳಿದರೆ ನಡೆಯುವುದಿಲ್ಲ. ಹುಲ್ಲು ಎಷ್ಟು ಎತ್ತರವಿದ್ದಾಗ ಅದರ ಮೇಲೆ ಹೋಗುತ್ತೇವೆ, ಎರಡು ಬ್ಲೇಡುಗಳ ನಡುವೆ ಎಷ್ಟು ಸಂದು ಇಟ್ಟಿದ್ದೇವೆ ಎಂಬ ಎರಡು ಸಂಗತಿಗಳೇ ಇಲ್ಲಿ ಮುಖ್ಯ.

ಅಡಿಕೆ ತೋಟವಿರುವ ಮನೆಗಳಲ್ಲಿ ಈಗ ವೀಡ್ ಕಟರ್ ಸಾಮಾನ್ಯ, ನಮ್ಮಲ್ಲಿಯೂ ಇದೆ. ತೋಟದ ಕಳೆಗೆ, ಬೇಣದ ಒರಟು ಹುಲ್ಲಿಗೆ ಅದರ ಸಮಕ್ಕೆ ಬೇರೊಂದಿಲ್ಲ. ಹುಲ್ಲುಹಾಸಿಗೆ ಮಾತ್ರ ಅದು ಹೊಂದುವುದಿಲ್ಲ. ಜಂಬಿಟ್ಟಿಗೆ ನೆಲದ ನೊರಜುಕಲ್ಲನ್ನು ಅದು ಕಿಟಕಿಯವರೆಗೆ ಸಿಡಿಸುತ್ತದೆ, ಎಷ್ಟೇ ನಿಗಾ ವಹಿಸಿದರೂ ಒಂದು ಕಡೆ ಬೋಳು, ಇನ್ನೊಂದು ಕಡೆ ಜೊಂಪೆ ಉಳಿಯುತ್ತದೆ. ಪಕ್ಕದ ಮನೆಯ ಹಿರಿಯರೊಬ್ಬರು, "ಎರಡು ದನ ಬಿಟ್ರೆ ಆಗ್ತಿತ್ತಲ್ಲ ಮಾರಾಯ್ರೆ, ಇದಕ್ಕೊಂದು ಗಾಡಿ ಯಾಕೆ?" ಎಂದು ಈಗಲೂ ಕೇಳುತ್ತಾರೆ. ಬೇಸಿಗೆಯಲ್ಲಾದರೆ ಆ ಮಾತು ಸರಿಯೇ. ಮಳೆಗಾಲದ ಮೆತ್ತನೆಯ ನೆಲದಲ್ಲಿ ದನದ ಗೊರಸು ಊರಿದಲ್ಲೆಲ್ಲ ಕುಳಿ ಬಿದ್ದು ನೀರು ನಿಲ್ಲುತ್ತದೆ, ಆಮೇಲೆ ಅಲ್ಲಿ ಯಾವ ಯಂತ್ರವನ್ನೂ ಸಮನಾಗಿ ಉರುಳಿಸಲಾಗದು.

ಈ ಯಂತ್ರದ ಕೆಲಸವನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಶ್ರಮ ಕಡಿಮೆಯಾಗುತ್ತದೆ. ಇಂಗ್ಲೆಂಡಿನ ಸ್ಟ್ರೌಡ್ ಪಟ್ಟಣದ ಸಮೀಪ, ಉಣ್ಣೆಯ ಮಿಲ್ಲುಗಳಿದ್ದ ಪ್ರದೇಶದಲ್ಲಿ, ಎಡ್ವಿನ್ ಬಡ್ಡಿಂಗ್ ಎಂಬಾತ ಇದನ್ನು ರೂಪಿಸಿ 1830ರಲ್ಲಿ ಪೇಟೆಂಟ್ ಪಡೆದ. ನೇಯ್ದ ಉಣ್ಣೆ ಬಟ್ಟೆಯ ಮೇಲೆ ಎದ್ದು ನಿಂತ ನವಿರನ್ನು ಸಮನಾಗಿ ಕತ್ತರಿಸುವ ಯಂತ್ರವೇ ಅವನಿಗೆ ಮಾದರಿಯಾಗಿತ್ತು. ಇಂದಿನ ಯಂತ್ರದಲ್ಲಿಯೂ ಏರ್ಪಾಡು ಅದೇ: ಚಕ್ರ ಉರುಳಿದಾಗ ಹಲ್ಲುಗಾಲಿಯ ಮೂಲಕ ಸುರುಳಿಯಾಕಾರದ ಬ್ಲೇಡುಗಳ ಉರುಳೆ ಚಕ್ರಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗುತ್ತದೆ, ಕೆಳಗೆ ಅಲುಗಾಡದೆ ನಿಂತ ಚಪ್ಪಟೆ ಬ್ಲೇಡಿನ ಕಡೆಗೆ ಹುಲ್ಲನ್ನು ಎಳೆದು ತಂದು ಎರಡರ ನಡುವೆ ಕತ್ತರಿಯಂತೆ ತುಂಡರಿಸುತ್ತದೆ. ವೀಡ್ ಕಟರ್ ಹುಲ್ಲನ್ನು ಬಡಿದು ಹರಿಯುವುದರಿಂದ ಎರಡು ದಿನದಲ್ಲಿ ತುದಿಗಳು ಕಂದುತ್ತವೆ. ಇಲ್ಲಿ ಗಾಯ ನೇರವಾಗಿರುವುದರಿಂದ ಹುಲ್ಲಿನ ಬಣ್ಣ ಕೆಡುವುದಿಲ್ಲ. ಆದರೆ ಇದೇ ಏರ್ಪಾಡಿನಲ್ಲಿ ಯಂತ್ರದ ಮಿತಿಯೂ ಇದೆ. ಉರುಳೆಯ ನಡುಮಟ್ಟಕ್ಕಿಂತ ಎತ್ತರವಾಗಿ ಬೆಳೆದ ಹುಲ್ಲು ಬ್ಲೇಡಿನ ಬಾಯಿಗೆ ಬರುವ ಬದಲು ಮುಂದಕ್ಕೆ ಬಾಗಿ ಮಲಗುತ್ತದೆ, ಯಂತ್ರ ಹಾದುಹೋದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ.

ಹೀಗಾಗಿ ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದೆಂಬ ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಒಂದೂವರೆ ಇಂಚು ಉಳಿಸಬೇಕೆಂದಿದ್ದರೆ ಎರಡೂಕಾಲು ಇಂಚು ಮುಟ್ಟುವುದರೊಳಗೆ ಯಂತ್ರ ಹೊರಗೆ ಬರಬೇಕು. ಬಯಲುಸೀಮೆಯಲ್ಲಿ ಇದು ಸುಲಭ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್‌ಗೂ ಮೀರಿದ್ದು. ನಮ್ಮಲ್ಲಿ ಅಷ್ಟಿಲ್ಲವಾದರೂ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಹಿಡಿದರೆ ಒಂದು ವಾರ ಬಿಡುವಿಲ್ಲದೆ ಸುರಿಯುವುದುಂಟು. ಆ ದಿನಗಳಲ್ಲಿ ವಾರ, ತಾರೀಕು ನೋಡಿ ಕೆಲಸ ಇಟ್ಟುಕೊಂಡರೆ ಸಾಗದು. ಮಳೆ ನಿಂತು ಹೊಳವಾದ ಕೂಡಲೇ, ಎಲೆಯ ಮೇಲಿನ ನೀರು ಇಳಿಯಲು ಒಂದೆರಡು ಗಂಟೆ ಬಿಟ್ಟು, ಉಳಿದ ಕೆಲಸ ಬದಿಗಿಟ್ಟು ಇಳಿಯುತ್ತೇನೆ. ಇಡೀ ಹಾಸು ಮುಗಿಯಲೇಬೇಕೆಂಬ ಹಟವಿಲ್ಲ, ಮುಂದಿನ ಮಳೆ ಬರುವಷ್ಟರಲ್ಲಿ ಆದಷ್ಟು ಆಯಿತು, ಉಳಿದದ್ದು ಮುಂದಿನ ಹೊಳವಿಗೆ. ಮಳೆಗಾಲದುದ್ದಕ್ಕೂ ಕಟಾವಿನ ಎತ್ತರವನ್ನು ಎರಡು ಇಂಚಿನ ಹತ್ತಿರ ಇಡುತ್ತೇನೆ. ನನ್ನ ಯಂತ್ರದಲ್ಲಿ ಹಿಂದಿನ ರೋಲರನ್ನು ಕೆಳಗಿನ ತೂತಿಗೆ ಇಳಿಸಿ ಬೋಲ್ಟ್ ಬಿಗಿದರೆ ಬ್ಲೇಡು ಮೇಲೇಳುತ್ತದೆ. ಮಳೆ ಹಟ ಹಿಡಿದು ಹುಲ್ಲು ಮೊಣಕಾಲು ಮುಟ್ಟಿದರೆ ಯಂತ್ರಕ್ಕೆ ಕೈ ಹಚ್ಚುವುದೇ ಇಲ್ಲ. ಮೊದಲು ಕುಡುಗೋಲಿನಲ್ಲಿ ಸವರಿ ಕೊಟ್ಟಿಗೆಗೆ ಹಾಕಿ, ಎರಡು ಮೂರು ದಿನ ಬಿಟ್ಟು, ಅತ್ಯಂತ ಎತ್ತರದ ಮಟ್ಟದಲ್ಲಿ ಯಂತ್ರ ಓಡಿಸಿ, ಆಮೇಲೆ ಹಂತ ಹಂತವಾಗಿ ಇಳಿಸುತ್ತೇನೆ.

ಕತ್ತರಿಸುವ ಮೊದಲು ಕಡ್ಡಿ ಪೊರಕೆಯಿಂದ ಗುಡಿಸುವುದನ್ನು ನಾನು ಎಂದೂ ಬಿಡುವುದಿಲ್ಲ. ಉದುರಿದ ಅಡಿಕೆ ಸಿಂಗಾರದ ಕಡ್ಡಿ, ಹಲಸಿನ ಎಲೆಯ ತೊಟ್ಟು, ಮಳೆಗೆ ಎದ್ದ ನೊರಜುಕಲ್ಲು, ಇವುಗಳಲ್ಲಿ ಯಾವುದೊಂದು ಸಿಕ್ಕಿದರೂ ಉರುಳೆ ತಟ್ಟನೆ ನಿಂತು ಹಿಡಿ ಹೊಟ್ಟೆಗೆ ತಾಗುತ್ತದೆ. ಸಿಕ್ಕಿಕೊಂಡ ಕಡ್ಡಿಯನ್ನು ಬೆರಳಿನಿಂದ ತೆಗೆಯಕೂಡದು. ಬಿಡಿಸಿದ ಕ್ಷಣದಲ್ಲಿ ಉರುಳೆ ಸ್ವಲ್ಪ ತಿರುಗಿದರೂ ಬೆರಳಿಗೆ ಅಪಾಯ. ಯಂತ್ರವನ್ನು ಹಿಂದಕ್ಕೆ ಎಳೆದು, ಗಟ್ಟಿ ಕೋಲಿನಿಂದ ನೂಕಬೇಕು. ಎರೆಹುಳ ಹಾಕಿದ ಮಣ್ಣಿನ ಗುಡ್ಡೆಗಳನ್ನೂ ಅದೇ ಪೊರಕೆಯಲ್ಲಿ ಹರಡಿಬಿಡುತ್ತೇನೆ, ಇಲ್ಲದಿದ್ದರೆ ಕೆಂಪು ಮಣ್ಣು ರೋಲರಿಗೆ ಮೆತ್ತಿ ಕಟಾವಿನ ಎತ್ತರವೇ ಬದಲಾಗುತ್ತದೆ. ಉಂಬಳದ (ಜಿಗಣೆಯ) ಕಾಟಕ್ಕೆ ಹೊಗೆಸೊಪ್ಪು ಮತ್ತು ಸುಣ್ಣ ಕಾಲಿಗೆ ಹಚ್ಚಿಕೊಳ್ಳುವುದು ಇಲ್ಲಿನವರಿಗೆ ಹೇಳಿಕೊಡಬೇಕಾದ್ದಲ್ಲ.

ತಳ್ಳುವಾಗ ವೇಗದ ನಡಿಗೆ ಬೇಡ, ತಡೆಯಿಲ್ಲದ ನಡಿಗೆ ಬೇಕು. ಉರುಳೆಗೆ ಬಲ ಚಕ್ರದಿಂದಲೇ ಬರುವುದರಿಂದ, ದಟ್ಟ ಹುಲ್ಲಿನ ನಡುವೆ ನಿಂತು ಅಲ್ಲಿಂದಲೇ ಮತ್ತೆ ಹೊರಟರೆ ಬ್ಲೇಡಿಗೆ ವೇಗ ಸಿಗುವುದಿಲ್ಲ. ನಿಂತರೆ ಒಂದು ಮಾರು ಹಿಂದಕ್ಕೆ ಎಳೆದುಕೊಂಡು, ಆಗಲೇ ಕತ್ತರಿಸಿದ ನೆಲದಲ್ಲಿ ಓಟ ಹಿಡಿಸಿ ಒಳಗೆ ನುಗ್ಗಬೇಕು. ಹಿಂದಕ್ಕೆ ಎಳೆಯುವಾಗ ಕಟಕಟ ಸದ್ದು ಬಂದರೆ ಗಾಬರಿ ಬೇಡ, ಸೈಕಲ್ಲಿನ ಫ್ರೀವೀಲ್‌ನ ಬಗೆಯ ಹಲ್ಲು ಚಕ್ರದೊಳಗಿದೆ. ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ ಮೂರು ಬೆರಳಿನಷ್ಟು ಹಾದುಹೋಗಬೇಕು. ಧರೆಯ ಕಡೆಯ ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಿಸದೆ ಅಡ್ಡಲಾಗಿಯೇ ಓಡಿಸುತ್ತೇನೆ. ಒದ್ದೆ ಹುಲ್ಲಿನಲ್ಲಿ ಕಾಲು ಜಾರಿದರೆ ಯಂತ್ರ ಮೈಮೇಲೆ ಬರಬಾರದಲ್ಲ. ಒಮ್ಮೆ ಪೂರ್ವ ಪಶ್ಚಿಮವಾಗಿ ಹೋದರೆ ಮರುಸಲ ಉತ್ತರ ದಕ್ಷಿಣ. ಹೀಗೆ ದಿಕ್ಕು ಬದಲಿಸಿದರೆ ಒಂದೇ ಕಡೆಗೆ ಮಲಗಿ ತಪ್ಪಿಸಿಕೊಂಡ ಕಡ್ಡಿಗಳು ಸಿಕ್ಕಿಬೀಳುತ್ತವೆ.

ಯಾವ ಹುಲ್ಲು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ನರ್ಸರಿಯವರ ಸಲಹೆಗೆ ವಿರುದ್ಧವಾಗಿದೆ. ಮೆಕ್ಸಿಕನ್ ಹುಲ್ಲು ನೋಡಲು ರತ್ನಗಂಬಳಿಯೇ ಸರಿ, ಆದರೆ ಅದರ ಬಿರುಸಾದ ದಟ್ಟ ಎಲೆಯ ಮೇಲೆ ಕೈಯಂತ್ರ ತಳ್ಳುವುದು ಬಹಳ ಭಾರ. ಗರಿಕೆ ಚೆನ್ನಾಗಿ ಕತ್ತರಿಸಿಕೊಳ್ಳುತ್ತದೆಯಾದರೂ ಅದಕ್ಕೆ ಇಡೀ ದಿನದ ಬಿಸಿಲು ಬೇಕು. ಮರದ ನೆರಳಿನಲ್ಲಿ ಅದು ಬಡವಾಗಿ, ಜೇಕು ಮತ್ತು ಮುಟ್ಟಿದರೆ ಮುನಿ ಜಾಗ ಹಿಡಿಯುತ್ತವೆ. ನಮ್ಮ ಹುಳಿ ಮಣ್ಣು, ಅರೆ ನೆರಳು, ಅತಿ ಮಳೆ ಈ ಮೂರಕ್ಕೂ ಒಗ್ಗಿ ತಾನಾಗಿಯೇ ಹಬ್ಬುವುದು ರಸ್ತೆ ಬದಿಯಲ್ಲೂ ಕಾಣುವ ಅಗಲ ಎಲೆಯ ಕಾರ್ಪೆಟ್ ಹುಲ್ಲು. ಎಲೆ ಮೆದುವಾದ್ದರಿಂದ ಯಂತ್ರಕ್ಕೂ ಹಗುರ. ಅದರ ದೋಷ ಒಂದೇ, ಕವಲೊಡೆದ ತೆನೆಯ ಸಪೂರ ಕಡ್ಡಿಗಳು ಬ್ಲೇಡಿನ ಕೆಳಗೆ ಬಾಗಿ ಪಾರಾಗುತ್ತವೆ. ತೆನೆ ಬರುವ ಕಾಲದಲ್ಲಿ ನಾನು ಎರಡು ದಿಕ್ಕಿನಲ್ಲಿ ಯಂತ್ರ ಓಡಿಸಿ, ಆಮೇಲೂ ನಿಂತದ್ದನ್ನು ಕತ್ತಿಯಿಂದ ಸವರುತ್ತೇನೆ.

ಬ್ಲೇಡಿನ ವಿಚಾರ ಉಳಿದೆಲ್ಲಕ್ಕಿಂತ ದೊಡ್ಡದು. ಯಂತ್ರ ಭಾರವಾಯಿತೆಂದು ದೂರುವವರ ಮನೆಗಳಲ್ಲಿ ನಾನು ನೋಡಿದ ಮಟ್ಟಿಗೆ ಬ್ಲೇಡು ಮೊಂಡಾದದ್ದಕ್ಕಿಂತ ಸಂದು ತಪ್ಪಿದ್ದೇ ಹೆಚ್ಚು. ಯಂತ್ರವನ್ನು ತಲೆಕೆಳಗಾಗಿ ನಿಲ್ಲಿಸಿ, ವೃತ್ತಪತ್ರಿಕೆಯ ಒಂದು ಪಟ್ಟಿಯನ್ನು ಚಪ್ಪಟೆ ಬ್ಲೇಡಿನ ಮೇಲಿಟ್ಟು, ಕೈ ದೂರವಿಟ್ಟುಕೊಂಡು ಉರುಳೆಯನ್ನು ನಿಧಾನವಾಗಿ ತಿರುಗಿಸಿದರೆ ಎಡತುದಿ, ನಡು, ಬಲತುದಿ ಮೂರು ಕಡೆಯೂ ಕಾಗದ ನೇರವಾಗಿ ತುಂಡಾಗಬೇಕು. ಮಡಚಿಕೊಂಡರೆ ಆ ಬದಿಯ ತಿರುಪನ್ನು ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸಿ ಮತ್ತೆ ನೋಡಬೇಕು. ಅತಿಯಾಗಿ ಬಿಗಿದರೆ ಉಕ್ಕು ಉಕ್ಕಿಗೆ ಉಜ್ಜಿ ಕಿರುಗುಡುತ್ತದೆ, ಬ್ಲೇಡು ವೃಥಾ ಸವೆಯುತ್ತದೆ.

ಸಂದು ಸರಿಯಿದ್ದೂ ಕಾಗದ ಹರಿದರೆ ಮಾತ್ರ ಸಾಣೆ. ನಾನು ಇದನ್ನು ವರ್ಷಕ್ಕೊಮ್ಮೆ, ಮೃಗಶಿರಾ ಮಳೆಗೆ ಮುಂಚೆ, ಮನೆಯಲ್ಲಿಯೇ ಮಾಡಿಕೊಳ್ಳುತ್ತೇನೆ. ಎರಡೂ ಚಕ್ರಗಳನ್ನು ಮತ್ತು ಅವುಗಳೊಳಗಿನ ಸಣ್ಣ ಹಲ್ಲುಗಾಲಿಗಳನ್ನು ಬಿಚ್ಚಿ, ಎಡ ಬಲ ಅದಲುಬದಲಾಗದಂತೆ ಬೇರೆ ಬೇರೆ ಡಬ್ಬಿಗಳಲ್ಲಿ ಇಡಬೇಕು. ಬದಲಾದರೆ ಮುಂದಕ್ಕೆ ತಳ್ಳಿದಾಗ ಉರುಳೆ ತಿರುಗುವುದೇ ಇಲ್ಲ. ಆಮೇಲೆ ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ಹಳೆಯ ಬ್ರಷ್ಷಿನಿಂದ ಬ್ಲೇಡಿನ ಅಂಚುಗಳಿಗೆ ಹಚ್ಚಿ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಂಡ ಹಿಡಿಯನ್ನು ಅಚ್ಚಿನ ತುದಿಗೆ ಸಿಕ್ಕಿಸಿ, ಉರುಳೆಯನ್ನು ಕತ್ತರಿಸುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸುತ್ತೇನೆ. ಅಂಚಿನುದ್ದಕ್ಕೂ ಒಂದೇ ಬಗೆಯ ಮಾಸಲು ಬಣ್ಣದ ಗೆರೆ ಮೂಡಿದರೆ ಸಾಕು. ಪೇಸ್ಟ್ ಒಂದಿಷ್ಟೂ ಉಳಿಯದಂತೆ ಸೀಮೆಎಣ್ಣೆಯಲ್ಲಿ ತೊಳೆದು ಸಂದನ್ನು ಮತ್ತೆ ಹೊಂದಿಸಬೇಕು. ಬ್ಲೇಡನ್ನು ಬಿಚ್ಚಿ ಸಾಧಾರಣ ಸಾಣೆಕಲ್ಲಿಗೆ ಹಿಡಿಸುವುದನ್ನು ನಾನು ಒಪ್ಪುವುದಿಲ್ಲ. ಸುರುಳಿಯ ಒಂದು ಕಡೆ ತುಸು ಹೆಚ್ಚು ಸವೆದರೂ ಅಲ್ಲಿ ಹುಲ್ಲು ಶಾಶ್ವತವಾಗಿ ಗೆರೆಗೆರೆಯಾಗಿ ಉಳಿಯುತ್ತದೆ.

ಮಳೆಗಾಲದಲ್ಲಿ ತುಕ್ಕು ಒಂದೇ ರಾತ್ರಿಗೆ ಹಿಡಿಯುತ್ತದೆ. ಪ್ರತಿ ಸಲವೂ ಮೆತ್ತಿದ ಹುಲ್ಲನ್ನು ಕೆರೆದು, ಒಣಬಟ್ಟೆಯಿಂದ ಒರೆಸಿ, ಬ್ಲೇಡುಗಳಿಗೆ ಹಳೆಯ ಎಂಜಿನ್ ಆಯಿಲ್ ಸವರುತ್ತೇನೆ. ಯಂತ್ರದ ಜಾಗ ಬಚ್ಚಲ ಒಲೆಯ ಪಕ್ಕದ ಕಟ್ಟಿಗೆ ಕೊಟ್ಟಿಗೆ. ಒಲೆಯ ಕಾವಿಗೆ ಅಲ್ಲಿ ಆಶ್ಲೇಷದಲ್ಲಿಯೂ ತೇವ ನಿಲ್ಲುವುದಿಲ್ಲ. ಕತ್ತರಿಸಿದ ಹುಲ್ಲನ್ನು ಬೇಸಿಗೆಯಲ್ಲಿ ಹಾಸಿನ ಮೇಲೆಯೇ ಬಿಡುತ್ತೇನೆ, ಚೂರು ಸಣ್ಣದಾದ್ದರಿಂದ ಕರಗಿ ಗೊಬ್ಬರವಾಗುತ್ತದೆ. ಮಳೆಯಲ್ಲಿ ಅದು ಮುದ್ದೆಗಟ್ಟಿ ಕೆಳಗಿನ ಹುಲ್ಲನ್ನು ಕೊಳೆಸುವುದರಿಂದ ಗುಡಿಸಿ ಗೊಬ್ಬರಗುಂಡಿಗೆ ಹಾಕುತ್ತೇನೆ. ಗೋಡೆಯ ಬುಡ, ದಾಸವಾಳದ ಸುತ್ತು, ಧರೆಯ ಅಂಚು ಇವುಗಳಿಗೆ ಚಕ್ರ ತಲುಪುವುದಿಲ್ಲ; ಅಲ್ಲಿಗೆ ಕುಡುಗೋಲೇ ಬೇಕು.