ಪ್ರಕರಣ ಹಿಡಿದು ಪಾಠ ಮಾಡುವುದು ಹೇಗೆ?

ಕ್ರಿಸ್ಟೋಫರ್ ಲ್ಯಾಂಗ್ಡೆಲ್ 1870ರಲ್ಲಿ ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆಗೆ ಪ್ರಾಧ್ಯಾಪಕರಾಗಿ ಬಂದ ಮೇಲೆ ಉಪನ್ಯಾಸ ಬದಿಗಿಟ್ಟು, ಕೋರ್ಟ್ ತೀರ್ಪುಗಳನ್ನೇ ಓದಿಸಿ ಪ್ರಶ್ನೆ ಕೇಳತೊಡಗಿದರು. ಈಗ ನರ್ಸಿಂಗ್, ಮ್ಯಾನೇಜ್‌ಮೆಂಟ್, ಶಿಕ್ಷಕರ ತರಬೇತಿಯಲ್ಲೂ ಕೇಸ್, ಅಂದರೆ ಕೆಲಸದಲ್ಲಿ ಎದುರಾಗುವಂಥ ಒಂದು ಪ್ರಕರಣ, ಇಟ್ಟು ಕಲಿಸುತ್ತಾರೆ. ಆದರೆ ಸುಮ್ನೆ ಕೇಸ್ ಓದಿಸಿದರೆ ಅದೂ ಇನ್ನೊಂದು ಪಾಠ, ಅಷ್ಟೇ. ಅನುಭವವೆಲ್ಲ ಕಲಿಕೆಯಲ್ಲ, ಕೆಲವು ಅನುಭವಗಳು ಮುಂದಿನ ಕಲಿಕೆಗೇ ಅಡ್ಡ ಬರುತ್ತವೆ ಎಂದು ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1938ರಲ್ಲೇ ಎಚ್ಚರಿಸಿದ್ದರು.

ಮೊದಲು ಪ್ರಕರಣ ಬರೆಯಿರಿ. ಒಂದು ಪುಟ ಸಾಕು. ಅದರಲ್ಲಿ ಯಾರಾದರೂ ಈಗಲೇ ಒಂದು ತೀರ್ಮಾನಕ್ಕೆ ಬರಬೇಕಾದ ಇಕ್ಕಟ್ಟು ಇರಲಿ. ಉದಾಹರಣೆಗೆ, ರಾತ್ರಿ ಪಾಳಿಯ ನರ್ಸ್‌ಗೆ ಚೀಟಿಯಲ್ಲಿರುವ ಔಷಧದ ಪ್ರಮಾಣ ಜಾಸ್ತಿ ಅನಿಸುತ್ತದೆ. ಡಾಕ್ಟರ್ ಫೋನ್ ಎತ್ತುತ್ತಿಲ್ಲ. ಔಷಧ ಕೊಡುವ ಹೊತ್ತು ಬಂದಿದೆ. ಅಲ್ಲಿಗೇ ನಿಲ್ಲಿಸಿ. ಮುಂದೇನಾಯಿತು ಎಂಬುದನ್ನು ಬೇರೆ ಹಾಳೆಯಲ್ಲಿಟ್ಟುಕೊಳ್ಳಿ. ಕೊನೆ ಗೊತ್ತಾದರೆ ಯಾರು ಯೋಚಿಸುತ್ತಾರೆ?

ಚರ್ಚೆಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ತೀರ್ಮಾನ, ಅದಕ್ಕೆ ಕಾರಣ ಎರಡನ್ನೂ ಚೀಟಿಯಲ್ಲಿ ಬರೆಯಲಿ. ಇದನ್ನು ಮಾತ್ರ ಬಿಡಬೇಡಿ. ಬರೆಸದಿದ್ದರೆ ಮೊದಲು ಬಾಯಿ ಬಿಟ್ಟವರ ಅಭಿಪ್ರಾಯವೇ ಇಡೀ ತರಗತಿಯದ್ದಾಗುತ್ತದೆ.

ಆಮೇಲೆ ನಾಲ್ಕೈದು ಜನರ ಗುಂಪು, ಕೊನೆಗೆ ಎಲ್ಲರೂ ಒಟ್ಟಿಗೆ. ಇಲ್ಲಿ ಶಿಕ್ಷಕರಿಗೆ ಕಷ್ಟದ ಕೆಲಸವೆಂದರೆ ಬಾಯಿ ಮುಚ್ಚಿಕೊಂಡಿರುವುದು! 'ಸರಿ', 'ತಪ್ಪು' ಅಂದ ತಕ್ಷಣ ಮಕ್ಕಳು ಪ್ರಕರಣ ಬಿಟ್ಟು ನಿಮ್ಮ ಮುಖ ಓದತೊಡಗುತ್ತಾರೆ. ಅದರ ಬದಲು 'ಯಾವ ಮಾಹಿತಿ ನೋಡಿ ಹಾಗಂದಿರಿ?' ಎಂದು ಕೇಳಿ. ಎಲ್ಲರೂ ಬೇಗ ಒಪ್ಪಿಬಿಟ್ಟರೆ ಒಂದು ಸಂಗತಿ ಬದಲಿಸಿ: ರೋಗಿ ಮಗುವಾಗಿದ್ದರೆ? ನರ್ಸ್ ಕೆಲಸಕ್ಕೆ ಸೇರಿ ವಾರವಷ್ಟೇ ಆಗಿದ್ದರೆ?

ಈಗ ಮುಂದಿನ ಹಾಳೆ ಕೊಡಿ. ಸಿದ್ಧಾಂತ, ನಿಯಮ ಹೇಳಲು ಇದೇ ಸಮಯ. ಅಮೆರಿಕದ ಶಿಕ್ಷಣ ತಜ್ಞ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ, ಅನುಭವದಿಂದ ಕಲಿಯುವ ನಾಲ್ಕು ಹಂತಗಳ ಚಕ್ರದಲ್ಲೂ ಅನುಭವ ಮೊದಲು, ಅದರ ಬಗ್ಗೆ ಯೋಚನೆ ಆಮೇಲೆ, ಪರಿಕಲ್ಪನೆ ಮೂರನೆಯದು. ನಾಲ್ಕನೆಯದು ಪ್ರಯೋಗ. ಸಮಯವಿಲ್ಲ ಎಂದು ಹೆಚ್ಚಿನವರು ಕೈಬಿಡುವುದು ಇದನ್ನೇ. ಹಾಗಾಗಿ ಮುಂದಿನ ತರಗತಿಗೆ, ಅದೇ ನಿಯಮ ಬೇಕಾಗುವ ಆದರೆ ಮೇಲ್ನೋಟಕ್ಕೆ ಬೇರೆಯಾಗಿ ಕಾಣುವ ಇನ್ನೊಂದು ಪ್ರಕರಣ ತನ್ನಿ.

ಅಂಕ ಕೊಡಲೇಬೇಕಾದರೆ ಮೊದಲ ಚೀಟಿಯನ್ನೂ ಎರಡನೇ ಪ್ರಕರಣದ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ತೀರ್ಮಾನಕ್ಕಲ್ಲ, ಕೊಟ್ಟ ಕಾರಣಕ್ಕೆ ಅಂಕ ಕೊಡಿ.