ಎಲ್ಲದಕ್ಕೂ ಗ್ಯಾಸ್ ಅನ್ನಬೇಡಿ

ಮೊನ್ನೆ ಹುಬ್ಬಳ್ಳಿಯಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. "ದೊಡ್ಡವ್ವ, ಹೊಟ್ಟೆಯಲ್ಲಿ ಗ್ಯಾಸ್ ಆಗಿದೆ." ಎಲ್ಲಿ ನೋವು ಅಂದೆ. "ಹೊಟ್ಟೆಯಲ್ಲಿ" ಅಂದಳು. ಮೇಲಾ ಕೆಳಗಾ, ಉರಿಯಾ ನುಲಿತವಾ, ಉಂಡ ಮೇಲಾ ಉಣ್ಣುವ ಮುಂಚೆಯಾ, ಒಂದಕ್ಕೂ ಉತ್ತರವಿಲ್ಲ. ಗುಳಿಗೆ ಮಾತ್ರ ಆಗಲೇ ನುಂಗಿಯಾಗಿತ್ತು. ಅದೂ ಗಿರಮಿಟ್ ಮಿರ್ಚಿ ತಿಂದು, ಚಹಾ ಕುಡಿದು, ಆಮೇಲೆ. ಹುಳಿ ಕಡಿಮೆ ಮಾಡುವ ಆ ಗುಳಿಗೆಯನ್ನು ತಿಂಡಿಗೆ ಅರ್ಧ ತಾಸು ಮುಂಚೆ ನುಂಗಬೇಕು ಕಣೇ, ಊರ ಜಾತ್ರೆ ಮುಗಿದ ಮೇಲೆ ತೇರು ಎಳೆದರೆ ಏನು ಬಂತು ಅಂದೆ. ನಕ್ಕಳು. ನನಗೆ ನಗು ಬರಲಿಲ್ಲ.

ಈಗಿನವರಿಗೆ ಹೊಟ್ಟೆ ಅಂದರೆ ಒಂದು ಚೀಲ, ಅದರಲ್ಲಿ ಗಾಳಿ ತುಂಬಿದೆ, ಅಷ್ಟೇ. ನಮ್ಮ ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ನಾವು ಹೊಟ್ಟೆ ಹಿಡಿದುಕೊಂಡು ಬಂದರೆ ಮೊದಲು ಮಲಗಿಸಿ ನಾಲ್ಕು ಕಡೆ ಒತ್ತಿ ನೋಡುತ್ತಿದ್ದಳು. ಎದೆಗುಂಡಿಗೆ ಕೆಳಗೆ ಉರಿ, ಹುಳಿತೇಗು ಇದ್ದರೆ ಅದು ಬೇರೆ. ಹೊಕ್ಕುಳ ಸುತ್ತ ನುಲಿತ, ಜೊತೆಗೆ ಜುಲಾಬು ಇದ್ದರೆ ಅದು ಬೇರೆ. ನಾಲ್ಕು ದಿನದಿಂದ ಕಟ್ಟಿಕೊಂಡು ಹೊಟ್ಟೆ ಕಲ್ಲಾಗಿದ್ದರೆ ಇನ್ನೂ ಬೇರೆ. ಹೊಕ್ಕುಳ ಹತ್ತಿರ ಶುರುವಾಗಿ ಬಲಗಡೆ ಕೆಳಗೆ ಇಳಿದು ಕೂತ ನೋವಾದರೆ, ಜೊತೆಗೆ ವಾಂತಿ, ಜ್ವರ ಬಂದರೆ, ಅದಕ್ಕೆ ಮನೆಮದ್ದೇ ಇಲ್ಲ. ಅದು ಅಪೆಂಡಿಕ್ಸ್ ಇರಬಹುದು. ಆಗ ಔಡಲೆಣ್ಣೆ ಕುಡಿಸಬೇಡಿ, ಭೇದಿಯ ಗುಳಿಗೆ ಕೊಡಬೇಡಿ, ಒಳಗೆ ಒಡೆದು ಜೀವಕ್ಕೆ ಬರುತ್ತದೆ. ಸೀದಾ ದವಾಖಾನೆ.

ಔಡಲೆಣ್ಣೆ ಅಂದಕೂಡಲೇ ನನಗೆ ಈಗಲೂ ಬಾಯಲ್ಲಿ ನೀರು ಬರುತ್ತದೆ, ಆಸೆಗಲ್ಲ, ವಾಕರಿಕೆಗೆ. ಸೂಟಿ ಬಂತು ಅಂದರೆ ಅಪ್ಪ ನಮ್ಮೆಲ್ಲರನ್ನು ಪಡಸಾಲೆಯಲ್ಲಿ ಸಾಲಾಗಿ ಕೂರಿಸಿ ಬಿಸಿ ಚಹಾದಲ್ಲಿ ಬೆರೆಸಿ ಕುಡಿಸುತ್ತಿದ್ದ. ಆ ದಿನವೆಲ್ಲ ಹಿತ್ತಲ ಕಡೆಗೆ ಓಟ. ಹೊಟ್ಟೆ ತೊಳೆಯಬೇಕು ಅನ್ನುವುದು ಆಗಿನ ನಂಬಿಕೆ. ಹೊಟ್ಟೆ ಏನು ಹಂಡೆಯಾ, ತಿಕ್ಕಿ ತೊಳೆಯೋಕೆ? ಕಟ್ಟಿಕೊಂಡಿದ್ದರೆ ರೊಟ್ಟಿ ತಿನ್ನಿ, ಸೊಪ್ಪು, ಹಸಿ ಸೌತೆಕಾಯಿ, ಮೊಳಕೆ ಕಾಳಿನ ಪಲ್ಯ ತಿನ್ನಿ, ನೀರು ಜಾಸ್ತಿ ಕುಡಿಯಿರಿ, ನಡೆಯಿರಿ. ಬೆಳಿಗ್ಗೆ ಸಂಡಾಸಿನ ಕರೆ ಬಂದಾಗ ಮೊಬೈಲು ಬಿಟ್ಟು ಎದ್ದು ಹೋಗಿ. ಅದಕ್ಕಿಂತ ಹೆಚ್ಚಿಗೆ ಹೇಳುವಂಥದ್ದು ಏನೂ ಇಲ್ಲ.

ಹೊಟ್ಟೆ ಕೆಟ್ಟು ಎರಡು ದಿನ ಏನೂ ಸೇರದವರಿಗೆ ನಾನು ಮಾಡಿಕೊಡುವುದು ಒಂದೇ, ಜೋಳದ ನುಚ್ಚು, ಮಜ್ಜಿಗೆ. ಎಲ್ಲರೂ ಮಾಡುತ್ತಾರೆ, ಯಾರೂ ಸರಿಯಾಗಿ ಮಾಡುವುದಿಲ್ಲ. ನನ್ನ ಸೊಸೆ ಮಿಕ್ಸರ್‌ನಲ್ಲಿ ಜೋಳ ಗಿರ್ ಅನ್ನಿಸಿ, ಕುಕ್ಕರಿನಲ್ಲಿ ಹಾಕಿ ಮೂರು ಸೀಟಿ ಹೊಡೆಸುತ್ತಾಳೆ. ಅದು ನುಚ್ಚಲ್ಲ, ಗೋಡೆಗೆ ಪೋಸ್ಟರ್ ಅಂಟಿಸುವ ಸರಿ.

ಮೊದಲು ಜೋಳ. ಬಿಳಿಜೋಳ, ಹೊಸದಾದರೆ ಒಳ್ಳೆಯದು. ನೀರು ಚಿಮುಕಿಸಿ, ಕೈಯಲ್ಲಿ ಹಿಡಿದರೆ ತಣ್ಣಗೆ ಅನ್ನಿಸುವಷ್ಟು ಮಾತ್ರ, ಸ್ವಲ್ಪ ಹೊತ್ತು ಮುಚ್ಚಿಡಿ. ಆಮೇಲೆ ಒರಳಿನಲ್ಲಿ ಹಗೂರಕ್ಕೆ ಕುಟ್ಟಿದರೆ ಮೇಲಿನ ತೌಡು ಬಿಡುತ್ತದೆ. ಮೊರದಲ್ಲಿ ಕೇರಿ ಹಾರಿಸಿ. ಒರಳಿಲ್ಲದವರು ಗಿರಣಿಗೆ ಕೊಡಿ, ಆದರೆ ಅಲ್ಲೇ ನಿಂತು ಹೇಳಬೇಕು, ರವೆಗಿಂತ ದಪ್ಪ, ಕಾಳು ಮೂರು ನಾಲ್ಕು ಚೂರಾಗಬೇಕು ಅಂತ. ಸುಮ್ನೆ ಚೀಲ ಇಟ್ಟು ಬಂದರೆ ಹಿಟ್ಟು ಮಾಡಿ ಕೊಡುತ್ತಾನೆ. ಮನೆಗೆ ತಂದು ಸಾಣಿಸಿ ಹಿಟ್ಟು ತೆಗೆಯಿರಿ. ಆ ಹಿಟ್ಟು ರೊಟ್ಟಿಗೆ ಆಗುತ್ತದೆ, ಚೆಲ್ಲಬೇಡಿ.

ನುಚ್ಚಿಗೆ ನೀರು ಹಾಕಿ ಕೈಯಾಡಿಸಿದರೆ ಉಳಿದ ಹೊಟ್ಟು ಮೇಲೆ ತೇಲುತ್ತದೆ. ಬಗ್ಗಿಸಿ. ಮತ್ತೆ ನೀರು, ಮತ್ತೆ ಬಗ್ಗಿಸಿ. ನೀರು ತಿಳಿಯಾಗುವ ತನಕ ಬಿಡಬೇಡಿ. ಕಾಯಿಲೆಯವರಿಗೆ ಗಂಟಲಲ್ಲಿ ಚುಚ್ಚುವುದು ಈ ಹೊಟ್ಟು. ಆಮೇಲೆ ಒಂದು ತಾಸು ನೆನೆಯಲಿ. ದಪ್ಪ ತಳದ ಪಾತ್ರೆಯಲ್ಲಿ ನೀರು ಕುದಿಸಿ. ಎಷ್ಟು ಅಂತ ಕೇಳಬೇಡಿ, ನುಚ್ಚಿನ ನಾಲ್ಕು ಪಟ್ಟಿಗಿಂತ ಮೇಲೆ, ಕಾಯಿಲೆಯವರಿಗಾದರೆ ಇನ್ನೂ ಜಾಸ್ತಿ. ಉಪ್ಪು ಹಾಕಿ. ನೀರು ಕುಣಿಯುವಾಗ ಎಡಗೈಯಿಂದ ನುಚ್ಚು ಉದುರಿಸುತ್ತ ಬಲಗೈಯಿಂದ ತಿರುವಬೇಕು. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಆಮೇಲೆ ಅತ್ತರೂ ಬಿಡುವುದಿಲ್ಲ. ಉರಿ ಸಣ್ಣ ಮಾಡಿ, ಮುಚ್ಚಳ ಸ್ವಲ್ಪ ಓರೆ ಇಡಿ. ಆಗಾಗ ಕಟ್ಟಿಗೆಯ ಸೌಟಿನಿಂದ ತಳ ಮುಟ್ಟಿ ತಿರುವಿ. ಕಾಳು ಹೂವಿನ ಹಾಗೆ ಅರಳುತ್ತದೆ. ಒಂದು ಅಗಳು ತೆಗೆದು ಹೆಬ್ಬೆರಳಿನಲ್ಲಿ ಹಿಸುಕಿ ನೋಡಿ. ಒಳಗೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲ. ಟಿವಿ ಮುಂದೆ ಕೂತುಕೊಂಡು ಇದನ್ನು ಮಾಡಲು ಆಗುವುದಿಲ್ಲ, ಹೇಳಿಬಿಡುತ್ತೇನೆ. ಬೆಂದ ಮೇಲೂ ಕೂಡಲೇ ಬಡಿಸಬೇಡಿ, ಇಳಿಸಿ ಮುಚ್ಚಿ ಅರ್ಧ ತಾಸು ಬಿಡಿ. ಆ ಅರ್ಧ ತಾಸಿನಲ್ಲೇ ಅದು ಮೆತ್ತಗಾಗುವುದು.

ಇನ್ನು ಮಜ್ಜಿಗೆ. ಅವತ್ತಿನ ಮೊಸರು, ಹುಳಿ ಬಂದಿರಬಾರದು, ಫ್ರಿಜ್ಜಿನಿಂದ ಆಗಷ್ಟೇ ತೆಗೆದಿರಬಾರದು. ಕಡೆದು ಬೆಣ್ಣೆ ತೆಗೆಯಿರಿ. ನೀರು ಬೆರೆಸಿದ ಮೊಸರು ಮಜ್ಜಿಗೆ ಅಲ್ಲ, ಇದನ್ನು ನಾನು ನಲವತ್ತು ವರ್ಷದಿಂದ ಹೇಳುತ್ತಿದ್ದೇನೆ. ನುಚ್ಚು ಅಂಗೈ ಮೇಲೆ ಹಾಕಿಕೊಂಡರೆ ತಡೆಯುವಷ್ಟು ಬೆಚ್ಚಗಾದ ಮೇಲೆ ಮಜ್ಜಿಗೆ ಹಾಕಿ. ಸುಡುವಾಗ ಹಾಕಿದರೆ ಒಡೆಯುತ್ತದೆ. ಹುರಿದು ಕೈಯಲ್ಲೇ ಪುಡಿಮಾಡಿದ ಜೀರಿಗೆ ಒಂದು ಚಿಟಿಕೆ. ಗುರೆಳ್ಳು ಹಿಂಡಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ನೆಟ್ಟಗಿದ್ದವರಿಗೆ. ಹೊಟ್ಟೆ ಕೆಟ್ಟಾಗ ಹಾಲು ಕೆಲವರಿಗೆ ಆಗುವುದಿಲ್ಲ, ಮಜ್ಜಿಗೆ ಸಾಮಾನ್ಯವಾಗಿ ಸೇರುತ್ತದೆ. ಮಾಡಿದ್ದನ್ನು ಅವತ್ತೇ ಮುಗಿಸಿ. ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗೆ ಇಟ್ಟದ್ದನ್ನು ಕಾಯಿಲೆಯವರಿಗೆ ಕೊಟ್ಟರೆ ಒಂದಕ್ಕೆ ಎರಡು ಆಗುತ್ತದೆ.

ಈ ಮಜ್ಜಿಗೆಯನ್ನು ಶೋಕಿಗೆ ತಾಮ್ರದ ತಂಬಿಗೆಯಲ್ಲಿ ಹಾಕುವವರನ್ನು ಕಂಡಿದ್ದೇನೆ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಬಿಟ್ಟುಕೊಂಡು ವಾಂತಿ ಬರಿಸುತ್ತದೆ. ತಾಮ್ರ ನೀರಿಗೆ ಸಾಕು. ಅದನ್ನೂ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ, ಚೆನ್ನಾಗಿ ತೊಳೆದು, ಒರೆಸಿ ಬೋರಲು ಹಾಕಬೇಕು. ಪಾತ್ರೆ ಸೋಪು, ತಂತಿಬ್ರಷ್ಷು ಹಾಕಿ ಗೀರು ಎಬ್ಬಿಸಿ, ಹೊಳಪಿಲ್ಲ ಅಂತ ನನಗೇ ಹೇಳುತ್ತಾರೆ.

ಅಡುಗೆಯಲ್ಲಿ ನಾನು ಅಳತೆ ನೋಡುವವಳಲ್ಲ. ಒಂದರಲ್ಲಿ ಮಾತ್ರ ಚಮಚ ಹಿಡಿಯುತ್ತೇನೆ, ಜುಲಾಬಿನ ನೀರಿನಲ್ಲಿ. ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಪುಡಿ ಸಿಕ್ಕರೆ ಅದೇ ಉತ್ತಮ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕದಡಬೇಕು. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಕ್ಕರೆ 6 ಸಣ್ಣ ಚಮಚ, ಉಪ್ಪು ಅರ್ಧ ಸಣ್ಣ ಚಮಚ, ಎರಡೂ ತಲೆ ಸಮ ಮಾಡಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಸಕ್ಕರೆ ಹೆಚ್ಚಾದರೆ ಜುಲಾಬು ಹೆಚ್ಚು. ಹೋದ ವರ್ಷ ಮೊಮ್ಮಗನಿಗೆ ಹೀಗಾದಾಗ ಮಗ ಓಡಿಹೋಗಿ ಸೇಬಿನ ರುಚಿಯ ಸಿಹಿ ನೀರಿನ ಪೆಟ್ಟಿಗೆ ತಂದ. ಔಷಧಿ ಅಂಗಡಿಯವನೇ ಕೊಟ್ಟನಂತೆ. ಕೂಸು ಗಟಗಟ ಕುಡಿಯಿತು, ಇನ್ನೂ ಎರಡು ಸಲ ಹೋಯಿತು. 1971ರಲ್ಲಿ ಬಾಂಗ್ಲಾದಿಂದ ಬಂದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಸಾಲದೆ ಹೋದಾಗ, ದಿಲೀಪ್ ಮಹಲನಾಬಿಸ್ ಅನ್ನುವ ಡಾಕ್ಟರು ಮುಖ್ಯವಾಗಿ ಸಕ್ಕರೆ ಉಪ್ಪಿನ ನೀರು ಕುಡಿಸಿ ಎಷ್ಟೋ ಜನರನ್ನು ಉಳಿಸಿದರು. ಅಷ್ಟು ಸೋವಿಯ ಔಷಧಿ ಬಿಟ್ಟು ಬಣ್ಣದ ಪೆಟ್ಟಿಗೆ ಬೇಕಾ? ಮಗು ಉಚ್ಚೆ ಹೊಯ್ಯುವುದು ಕಡಿಮೆ ಆದರೆ, ಕಣ್ಣು ಗುಳಿ ಬಿದ್ದರೆ, ಮಂಕಾಗಿ ಮಲಗಿದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಎದೆಹಾಲು ಮಾತ್ರ ನಿಲ್ಲಿಸಬೇಡಿ.

ನೀರಿನದೂ ಒಂದು ಮಾತು. ಹುಬ್ಬಳ್ಳಿಯಲ್ಲಿ ನಲ್ಲಿಗೆ ವಾರಕ್ಕೊಮ್ಮೆ ನೀರು ಬರುವ ದಿನಗಳಲ್ಲಿ ಬ್ಯಾರಲ್ಲು ತುಂಬಿ ಇಟ್ಟುಕೊಂಡೇ ಸಂಸಾರ ಮಾಡಿದೆವು. ಬ್ಯಾರಲ್ಲಿಗೆ ಕೈ ಅದ್ದಿದವರಿಗೆ ನಮ್ಮ ಅತ್ತೆ ಹೊಡೆಯುವುದೊಂದು ಬಾಕಿ. ಉದ್ದ ಹಿಡಿಕೆಯ ಸೌಟು ಅದಕ್ಕಂತಲೇ ತೂಗುಹಾಕಿರುತ್ತಿತ್ತು. ಕುಡಿಯುವ ನೀರು ಗಳಗಳ ಕುದಿಯಬೇಕು, ಬೆಚ್ಚಗಾದರೆ ಸಾಲದು.

ಇಷ್ಟು ಬೈಯುವವಳು ತಾನೇನು ಸರಿಯಿದ್ದಳು ಅಂತ ಕೇಳಬಹುದು. ಇರಲಿಲ್ಲ. ಮೊಣಕಾಲು ನೋವಿಗೆ ಕೊಟ್ಟ ಗುಳಿಗೆಯನ್ನು ನಾನು ಬರೀ ಚಹಾದ ಜೊತೆ ಖಾಲಿಹೊಟ್ಟೆಯಲ್ಲಿ ನುಂಗುತ್ತಿದ್ದೆ, ಹತ್ತು ದಿನಕ್ಕೆ ಅಂದದ್ದನ್ನು ಮೂರು ತಿಂಗಳು. ಒಂದು ದಿನ ಸಂಡಾಸು ಡಾಂಬರಿನ ಹಾಗೆ ಕಪ್ಪು. ಏನೋ ತಿಂದದ್ದು ಅಂದುಕೊಂಡು ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ದೇವರಮನೆಯಲ್ಲೇ ಕಣ್ಣು ಕತ್ತಲೆ ಬಂದು ಬಿದ್ದೆ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಆಗ ಮನೆಮಂದಿಯೆಲ್ಲ ಬ್ಯಾಡಗಿ ಮೆಣಸಿನಕಾಯಿಯನ್ನು ಬೈದರು. ಡಾಕ್ಟರೇ ಬಿಡಿಸಿ ಹೇಳಿದರು, ಹುಣ್ಣು ಬಹುಪಾಲು ಆಗುವುದು ನೋವಿನ ಗುಳಿಗೆಯಿಂದ, ಇಲ್ಲವೇ ಎಚ್ ಪೈಲೋರಿ ಅನ್ನುವ ಸೂಕ್ಷ್ಮಜೀವಿಯಿಂದ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಇದನ್ನು ತೋರಿಸಲು 1984ರಲ್ಲಿ ಆ ಜೀವಿಯನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡನಂತೆ. 2005ರಲ್ಲಿ ಅವನಿಗೂ ಜೊತೆಗಾರ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಹುಣ್ಣು ಆದಮೇಲೆ ಖಾರ ಉರಿಸುತ್ತದೆ ನಿಜ, ಆದರೆ ಹುಣ್ಣು ಮಾಡಿದ್ದು ಅದಲ್ಲ. ಅದೂ ಅಲ್ಲದೆ ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಸುಮ್ನೆ ಅದರ ಮೇಲೆ ಆಪಾದನೆ.

ಎದೆ ಉರಿಯುವವರು ರಾತ್ರಿ ಬೇಗ ಉಣ್ಣಿ, ಉಂಡ ಮೇಲೆ ಎರಡು ಮೂರು ತಾಸು ಅಡ್ಡಾಗಬೇಡಿ. ಮಂಚದ ತಲೆಕಡೆ ಕಾಲಿಗೆ ಒಂದೊಂದು ಇಟ್ಟಿಗೆ ಕೊಡಿ. ಆದರೆ ಎದೆ ಹಿಂಡಿದ ಹಾಗಾಗಿ ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ ಸೋಡಾ ಕುಡಿಸುತ್ತ ಕೂರಬೇಡಿ, ಅದು ಹೊಟ್ಟೆಯದಲ್ಲ, ಹೃದಯದ್ದಿರಬಹುದು.

ತಂಗಿಯ ಮಗಳು ನಿನ್ನೆ ಮತ್ತೆ ಫೋನ್ ಮಾಡಿದಳು. ನುಚ್ಚು ಮಾಡಿದೆ ದೊಡ್ಡವ್ವ, ತಳ ಹಿಡಿಯಿತು, ಪಾತ್ರೆ ಬಿಡಿಸೋದು ಹೇಗೆ ಅಂತ. ನೀರು ಹಾಕಿ ರಾತ್ರಿಯಿಡೀ ನೆನೆಯಲು ಬಿಡು, ಬೆಳಿಗ್ಗೆ ತಾನೇ ಏಳುತ್ತದೆ ಅಂದೆ. ಆಮೇಲೆ ಕೇಳಿದೆ, ತಿರುವುತ್ತ ನಿಂತಿದ್ದೆಯಾ? ಸ್ವಲ್ಪ ಹೊತ್ತು ಸುಮ್ಮನಿದ್ದು, ಸೀರಿಯಲ್ ಬರುತ್ತಿತ್ತು ಅಂದಳು.