ಉಪ್ಪಿಟ್ಟು ತಿಂದು ಓಡಿದ ಮೇಲೆ ಪಿತ್ತಗಂಧೆ ಎದ್ದರೆ

ಆಟ ಆಡುವಾಗ ಮಕ್ಕಳ ಮೈಯೆಲ್ಲ ಪಿತ್ತಗಂಧೆ ಎದ್ದರೆ ನಮ್ಮ ಕಡೆ ಕಂಬಳಿಯಲ್ಲಿ ಉಜ್ಜುತ್ತಾರೆ, ಮುರುಗಲು ನೀರು ಕುಡಿಸುತ್ತಾರೆ. ಪಿತ್ತ ಜಾಸ್ತಿ ಆಗಿದೆ ಅಂತ ಅಲ್ಲಿಗೇ ಬಿಡುತ್ತಾರೆ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನ ಪಿ.ಟಿ. ಮೇಡಂ. ದಯವಿಟ್ಟು ಅಲ್ಲಿಗೇ ಬಿಡಬೇಡಿ.

ಕೆಲವರಿಗೆ ಒಂದು ಆಹಾರ ತಿಂದು ಸುಮ್ನೆ ಕೂತರೆ ಏನೂ ಆಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಓಡಿದರೂ ಏನೂ ಆಗುವುದಿಲ್ಲ. ತಿಂದು ಓಡಿದರೆ ಮಾತ್ರ ಅಲರ್ಜಿ ಕೆರಳುತ್ತದೆ. ವೈದ್ಯರು 1979ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಜಾಸ್ತಿ ಕಾಣುವ ಕಾರಣ ಗೋಧಿ. ಸಿಗಡಿ, ಏಡಿಯಿಂದಲೂ ಆಗುತ್ತದೆ.

ನಮ್ಮ ವಾಲಿಬಾಲ್ ತಂಡದ ಹುಡುಗನೊಬ್ಬನ ತಾಯಿ ನನ್ನನ್ನು ಕೇಳಿದ್ದರು: "ಮೇಡಂ, ಇವ್ನು ಚಿಕ್ಕಂದಿನಿಂದ ಚಪಾತಿ ತಿಂತಾನೆ. ಈಗ ಗೋಧಿ ಆಗಲ್ಲ ಅಂದ್ರೆ ಹೇಗೆ?" ನ್ಯಾಯವಾದ ಪ್ರಶ್ನೆ ಅಲ್ವಾ? ಉತ್ತರ ಸಿಗಬೇಕಾದರೆ ಬರೆದಿಡಬೇಕು. ಗಂಧೆ ಎದ್ದ ದಿನ ಹಿಂದಿನ ಆರು ಗಂಟೆಯಲ್ಲಿ ಏನೇನು ತಿಂದ, ಎಷ್ಟು ಹೊತ್ತಿಗೆ ತಿಂದ, ಎಷ್ಟು ಹೊತ್ತು ಆಡಿದ ಮೇಲೆ ತುರಿಕೆ ಶುರುವಾಯಿತು? ಜ್ವರ ಇತ್ತಾ? ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಿದ್ದನಾ? ಹೆಣ್ಣುಮಕ್ಕಳಾದರೆ ಮುಟ್ಟಿನ ದಿನವಾ? ಇವೆಲ್ಲ ಸೇರಿಕೊಂಡರೆ ಸ್ವಲ್ಪ ಓಟಕ್ಕೇ ಕೆರಳಬಹುದು. ಗಂಧೆಯ ಫೋಟೋವನ್ನೂ ತೆಗೆದಿಡಿ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಾಯವಾಗಿರುತ್ತದೆ.

ಆ ಹುಡುಗನ ಪುಸ್ತಕದಲ್ಲಿ ಪೂರಿ, ಬನ್ಸ್, ಉಪ್ಪಿಟ್ಟು ಮತ್ತೆ ಮತ್ತೆ ಬಂದವು. ಕಡುಬು ತಿಂದು ಬಂದ ದಿನ ಏನೂ ಇಲ್ಲ. ಉಪ್ಪಿಟ್ಟಿನ ರವೆಯೂ ಗೋಧಿಯದೇ ಅಂತ ಎಷ್ಟೋ ಮನೆಯವರಿಗೆ ಹೊಳೆಯುವುದೇ ಇಲ್ಲ. ಕೇಸರಿಬಾತು, ರವೆ ಇಡ್ಲಿ, ಅಂಗಡಿ ಶ್ಯಾವಿಗೆ, ಮೈದಾದ ಪರೋಟ, ಬೇಕರಿ ತಿಂಡಿ ಎಲ್ಲ ಸಾಮಾನ್ಯವಾಗಿ ಗೋಧಿಯೇ. ಇಂಗಿನ ಡಬ್ಬಿಯ ಹಿಂದೆಯೂ ಓದಿ ನೋಡಿ, ಎಷ್ಟೋ ಸಲ ಅದಕ್ಕೂ ಗೋಧಿ ಹಿಟ್ಟು ಬೆರೆಸಿರುತ್ತಾರೆ.

ಬೆವರಿದಾಗ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆ ಏಳುವುದು, ಹಂಡೆಯ ಬಿಸಿನೀರು ಹೊಯ್ದುಕೊಂಡರೂ ಹಾಗೇ ಏಳುವುದು ಬೇರೆ ತೊಂದರೆ. ಅದನ್ನೂ ವೈದ್ಯರಿಗೆ ಹೇಳಿ.

"ತಿಂದು ಓಡಿಸಿ ನೋಡೋಣ" ಅಂತ ಮನೆಯಲ್ಲಿ ಪರೀಕ್ಷೆ ಮಾಡಲೇಬೇಡಿ, ಜೀವಕ್ಕೆ ಅಪಾಯ. ಬರೆದಿಟ್ಟದ್ದನ್ನು ಹಿಡಿದು ಅಲರ್ಜಿ ಗೊತ್ತಿರುವ ವೈದ್ಯರ ಹತ್ತಿರ ಹೋಗಿ. ಗೋಧಿಯ ಅನುಮಾನವಿದ್ದರೆ ಒಮೆಗಾ-5 ಗ್ಲಯಾಡಿನ್ (ಗೋಧಿಯಲ್ಲಿರುವ ಒಂದು ಪ್ರೋಟೀನ್) ರಕ್ತಪರೀಕ್ಷೆ ಬೇಕಾ ಅಂತ ಕೇಳಿ.

ಕಾರಣ ಖಚಿತವಾದ ಮೇಲೂ ಆಟ ಬಿಡಬೇಕಾಗಿಲ್ಲ. ಮೈದಾನಕ್ಕೆ ಇಳಿಯುವ ಮುಂಚೆ ನಾಲ್ಕರಿಂದ ಆರು ಗಂಟೆ ಆ ಆಹಾರ ಮುಟ್ಟಬಾರದು. ನಮ್ಮ ಮಲೆನಾಡಿನವರಿಗೆ ಇದೇನು ಕಷ್ಟ? ಕಡುಬು, ಅಕ್ಕಿ ರೊಟ್ಟಿ, ನೀರುದೋಸೆ ಇವೆ. ಓಟಕ್ಕೆ ಮಾತ್ರವಲ್ಲ, ಅಡಿಕೆ ಕೊಯ್ಲಿಗೆ, ಕುಂದಾದ್ರಿ ಹತ್ತುವುದಕ್ಕೆ, ಮದುವೆ ಮನೆಯ ಕುಣಿತಕ್ಕೂ ಇದೇ ಲೆಕ್ಕ. ಒಬ್ಬರೇ ಹೋಗಬೇಡಿ. ಮೊದಲ ತುರಿಕೆಗೇ ನಿಲ್ಲಿಸಿ. "ಈ ಸೆಟ್ ಮುಗಿಸ್ತೀನಿ" ಅಂದರೆ ನಾನು ಒಪ್ಪುವುದಿಲ್ಲ.

ಉಸಿರು ಕಟ್ಟಿದರೆ, ದನಿ ಗೊಗ್ಗರಾದರೆ, ನಾಲಿಗೆ ಊದಿದರೆ, ತಲೆ ತಿರುಗಿದರೆ, ವಾಂತಿಯಾದರೆ ಸೆಟಿರಿಜಿನ್ ಥರದ ಅಲರ್ಜಿ ಮಾತ್ರೆ ನೆಚ್ಚಿಕೊಂಡು ಕೂರಬೇಡಿ. ಅದು ತುರಿಕೆಗೆ ಮಾತ್ರ. ಆಗ ಬೇಕಾದ್ದು ತೊಡೆಯ ಹೊರಬದಿಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ಕೊಡಚಾದ್ರಿಯಂಥ ಕಡೆ ಆಸ್ಪತ್ರೆ ದೂರ, ಫೋನಿನ ಸಿಗ್ನಲ್ಲೂ ನಂಬುವ ಹಾಗಿಲ್ಲ. ಹಾಗಾಗಿ ಇಂಜೆಕ್ಷನ್ ಜೊತೆಗೆ ಇಟ್ಟುಕೊಳ್ಳಬೇಕಾ, ಹೇಗೆ ಕೊಡಬೇಕು ಅಂತ ಮೊದಲೇ ವೈದ್ಯರಿಂದ ಕಲಿತಿರಿ. 108ಕ್ಕೆ ಕರೆ ಮಾಡಿ. ಅಂಗಾತ ಮಲಗಿಸಿ ಕಾಲು ಎತ್ತಿಡಿ. ಉಸಿರಾಡಲು ಕಷ್ಟವಾದರೆ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಆಸ್ಪತ್ರೆಯಲ್ಲಿ ಗಂಧೆ ಇಳಿಯಿತು ಅಂತ ತಕ್ಷಣ ಮನೆಗೆ ಹೊರಡಬೇಡಿ. ಕೆಲವು ಗಂಟೆ ಕಳೆದು ಮತ್ತೆ ಏಳಬಹುದು. ವೈದ್ಯರು ಸಾಕು ಅನ್ನುವವರೆಗೆ ಅಲ್ಲೇ ಇರಿ.